ಓದದೆ ಬಿಟ್ಟ ಸಾಲು

ಹೊಸಬಾಳೆಯ ಮನೆಯ ಜಗಲಿಯಲ್ಲಿ ಕೂತು ದೊಡ್ಡಪ್ಪ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ‘ಓದಿ ಹೇಳು ಮಾರಾಯ, ಎಲ್ಲಾ ಇಂಗ್ಲಿಷಲ್ಲೇ ಬರ್ದಿದಾರೆ.’ ಓದಿ ಹೇಳಿದೆ. ಒಂದು ಸಾಲನ್ನು ಮಾತ್ರ ಹಾರಿಸಿದೆ.

ಆಂಜಿಯೋಪ್ಲಾಸ್ಟಿ ಮಾಡುವಾಗ ಗೈಡ್ ವೈರಿನ ತುದಿ ಮುರಿದಿದೆ, ಅದನ್ನು ಒಳಗೇ ಬಿಡಲಾಗಿದೆ ಎಂದು ಆ ಸಾಲಿನಲ್ಲಿತ್ತು. ಬಲೂನು, ಸ್ಟೆಂಟುಗಳು ಸಾಗಲು ಮೊದಲು ನಾಳದೊಳಗೆ ಇಳಿಸುವ ತಂತಿ ಅದು. ದಪ್ಪ ಸುಮಾರು 0.36 ಮಿಲಿಮೀಟರ್. ಸುಣ್ಣಗಟ್ಟಿದ ನಾಳದಲ್ಲಿ ತುದಿ ಸಿಕ್ಕಿಕೊಂಡಾಗ ತಿರುಚಿದರೆ ಅಥವಾ ಎಳೆದರೆ ಅಪರೂಪಕ್ಕೆ ಹೀಗೆ ಮುರಿಯುತ್ತದೆ. ಕುಣಿಕೆ ಹಾಕಿ ತೆಗೆಯಬಹುದು. ಇನ್ನೆರಡು ತಂತಿಗಳನ್ನು ಅದಕ್ಕೆ ಸುತ್ತಿಸಿ ಎಳೆಯಬಹುದು. ಸ್ಟೆಂಟಿನಿಂದ ನಾಳದ ಗೋಡೆಗೆ ಒತ್ತಿ ಕೂರಿಸಬಹುದು. ಕೊನೆಗೆ ಎದೆ ತೆರೆದೂ ತೆಗೆಯಬಹುದು. ಚಿಕ್ಕ ಚೂರು ಸಣ್ಣ ಕವಲಿನಲ್ಲಿದ್ದರೆ ಬಿಟ್ಟು, ಗಮನಿಸುತ್ತಾ ಇರುವುದೂ ಉಂಟು. ತೆಗೆಯಲು ಹೋಗಿ ನಾಳ ಹರಿದರೆ ಅಪಾಯ ಇನ್ನೂ ದೊಡ್ಡದು.

ಹಾಗಾಗಿ ಬಿಟ್ಟದ್ದರ ಬಗ್ಗೆ ನನ್ನ ತಕರಾರಿಲ್ಲ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಬಾರಿ ಈ ಚಿಕಿತ್ಸೆ ಮಾಡಿದಾಗ ರೋಗಿ ಎಚ್ಚರವಾಗಿದ್ದ. ದೊಡ್ಡಪ್ಪನೂ ಎಚ್ಚರವಾಗಿಯೇ ಇದ್ದರು. ಆದರೆ ವೈದ್ಯರು ಹೊರಗೆ ಬಂದು ವಿಷಯ ಹೇಳಿದ್ದು ನಮಗೆ. ‘ಅವರಿಗೆ ಹೇಳೋದು ಬೇಡ, ಹೆದರ್ತಾರೆ’ ಎಂದು ತೀರ್ಮಾನಿಸಿದವರು ನಾವು, ಮನೆಯವರು.

ನಾನು ಸಂಶೋಧನೆ ಮಾಡುತ್ತಿರುವುದು ನೀತಿಶಾಸ್ತ್ರದಲ್ಲಿ. ಒಳ್ಳೆಯದಕ್ಕಾಗಿಯೂ ಸುಳ್ಳು ಹೇಳಬಾರದೆಂದ ಕಾಂಟ್‌ನನ್ನು ಬಲ್ಲೆ. ನಾನೇನೂ ಸುಳ್ಳು ಹೇಳಿಲ್ಲ, ಒಂದು ಸಾಲು ಓದಿಲ್ಲ ಅಷ್ಟೆ ಎಂದು ಸಮಾಧಾನ ಮಾಡಿಕೊಂಡೆ. ಹೆದರಿದ್ದು ಯಾರು ಎಂದು ಕೇಳಿಕೊಳ್ಳಲಿಲ್ಲ. ಅವರ ಮುಖ ನೋಡಿ ಹೇಳಬೇಕಲ್ಲ ಎಂಬ ಹೆದರಿಕೆ ನಮ್ಮದಾಗಿತ್ತು. ಅದಕ್ಕೆ ಅವರ ಹೆಸರು ಕೊಟ್ಟಿದ್ದೆವು.

ಮೂರು ತಿಂಗಳ ನಂತರ ಊರಿಗೆ ಹೋದಾಗ ದೊಡ್ಡಪ್ಪ ತೋಟದಿಂದ ಬಂದು ಕೈಕಾಲು ತೊಳೆದು ಕೂತರು. ‘ಈಗ ಆರಾಮಿದೀನಲ್ಲ, ರಕ್ತ ತೆಳು ಮಾಡೋ ಗುಳಿಗೆ ನಿಲ್ಸಿಬಿಡ್ತೀನಿ’ ಎಂದರು. ಎದೆ ಧಸಕ್ಕೆಂದಿತು. ಸ್ಟೆಂಟ್ ಇರುವವರು ತಾವಾಗಿ ಅದನ್ನು ನಿಲ್ಲಿಸಿದರೆ ರಕ್ತ ಹೆಪ್ಪುಗಟ್ಟಬಹುದು. ಇವರಿಗೆ ಇನ್ನೊಂದು ಕಾರಣವೂ ಇತ್ತು, ಅದನ್ನು ಅವರಿಂದ ಮುಚ್ಚಿಟ್ಟವನು ನಾನು. ತಂತಿಯನ್ನು ಒಳಗೆ ಬಿಟ್ಟವರು ಅವರ ಜೀವ ಕಾಯಲು ಬಿಟ್ಟಿದ್ದರು. ನನ್ನ ಮೌನ ಅದೇ ಜೀವಕ್ಕೆ ಎರವಾಗುವುದರಲ್ಲಿತ್ತು.

ಚೀಟಿ ತರಿಸಿ ಆ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವರು ಹೆದರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಗುಳಿಗೆ ನುಂಗ್ತೀನಿ ಬಿಡು. ನಿಂಗೆ ಇದು ಅವತ್ತೇ ಗೊತ್ತಿತ್ತಾ?’

‘ಹೂಂ’ ಎಂದೆ. ಈ ಸಲ ಏನನ್ನೂ ಬಿಡಲಿಲ್ಲ.