ಬೆರಳ ತುದಿಯ ಸುಳ್ಳು ಸಾಕ್ಷಿ



ದಂಡಿನಶಿವರದ ಕಡೆ ಕೊಬ್ಬರಿಯ ವಿಷಯದಲ್ಲಿ ಯಾರೂ ಅವಸರಪಡುವುದಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯುತ್ತಾರೆ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಸದ್ದು ಮಾಡಿದ ಮೇಲೆಯೇ ಸುಲಿಯುತ್ತಾರೆ. 2019ರ ಪಾಸ್ಖ ಹಬ್ಬ ಕಳೆದ ಮೇಲೆ ಅಲ್ಲಿ ಅಂಥದೊಂದು ಅಟ್ಟವಿರುವ ಮನೆಗೆ ಭೇಟಿಯಿತ್ತಿದ್ದೆ. ಮನೆಯ ಹಿರಿಯರು ಮೊಬೈಲಿನಲ್ಲಿ ಬಂದಿದ್ದ ಸಂದೇಶವೊಂದನ್ನು ತೋರಿಸಿದರು. ಶ್ರೀಲಂಕಾದ ದೇವಾಲಯಗಳಲ್ಲಿ ಬಾಂಬ್ ಸಿಡಿಸಿದವರ ಕಡೆಯವರು ನಮ್ಮೂರುಗಳಲ್ಲೂ ಇದ್ದಾರೆ, ಮುಸ್ಲಿಮರೊಡನೆ ವ್ಯವಹಾರ ಬಿಡಿ ಎಂದಿತ್ತು. ಅದನ್ನು ಅವರು ಆಗಲೇ ಮೂರು ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಿದ್ದರು. ವರ್ಷಗಳಿಂದ ಅವರ ಕೊಬ್ಬರಿ ಕೊಳ್ಳುತ್ತಿದ್ದವರು ಒಬ್ಬ ಮುಸ್ಲಿಂ ವ್ಯಾಪಾರಿ. "ನಾನು ಬರೆದದ್ದಲ್ಲ ಸ್ವಾಮಿ, ಬಂದದ್ದನ್ನು ಕಳುಹಿಸಿದೆ, ಅಷ್ಟೇ" ಎಂದರು.

ಈ 'ಅಷ್ಟೇ' ನಮ್ಮನ್ನು ದೋಷದಿಂದ ಬಿಡಿಸುತ್ತದೆಯೇ? ದೇವರ ಎಂಟನೆಯ ಕಟ್ಟಳೆ ನಿಷೇಧಿಸುವುದು ಸುಳ್ಳು ಸಾಕ್ಷಿಯನ್ನು. ಆ ಸುಳ್ಳನ್ನು ಮೊದಲು ಹೆಣೆದವರು ಯಾರೆಂದು ಅದು ಕೇಳುವುದಿಲ್ಲ. ನಮ್ಮ ಹೆಸರಿನಿಂದ ಹೋದ ಮಾತಿಗೆ ನಮ್ಮನ್ನು ಬಲ್ಲವರ ನಂಬಿಕೆಯೂ ಸೇರಿಕೊಳ್ಳುತ್ತದೆ. ಕಳುಹಿಸುವುದೇ ಸಾಕ್ಷಿ ನುಡಿಯುವುದು.

ಕೊಲಂಬೊದ ನೋವು ಸುಳ್ಳಲ್ಲ. 2019ರ ಏಪ್ರಿಲ್ 21ರಂದು ಮೂರು ದೇವಾಲಯಗಳಲ್ಲೂ ಹೋಟೆಲುಗಳಲ್ಲೂ ಇನ್ನೂರೈವತ್ತಕ್ಕೂ ಹೆಚ್ಚು ಜನ ಮಡಿದರು. ಅದರ ಮರುತಿಂಗಳು, ಕ್ರೈಸ್ತರೇ ಹೆಚ್ಚಾಗಿರುವ ಚಿಲಾವ್ ಪಟ್ಟಣದಲ್ಲಿ ಮುಸ್ಲಿಂ ಅಂಗಡಿಕಾರನೊಬ್ಬನು ಫೇಸ್‌ಬುಕ್‌ನಲ್ಲಿ ಬರೆದ ಒಂದು ಸಾಲನ್ನು ಜನ ಬೆದರಿಕೆಯೆಂದು ಭಾವಿಸಿದರು. ಅಂಗಡಿಗಳ ಮೇಲೆ, ಮಸೀದಿಗಳ ಮೇಲೆ ಕಲ್ಲು ಬಿದ್ದವು. ಗಲಭೆ ಬೇರೆ ಊರುಗಳಿಗೂ ಹಬ್ಬಿತು. ತನ್ನ ಮಂದೆಯನ್ನು ಕಳೆದುಕೊಂಡ ಕಾರ್ಡಿನಲ್ ಮಾಲ್ಕಂ ರಂಜಿತರೇ ಮುಸ್ಲಿಮರಿಗೆ ಕೇಡು ಬಗೆಯಬೇಡಿರೆಂದು ಜನರನ್ನು ಬೇಡಿಕೊಳ್ಳಬೇಕಾಯಿತು.

ಒಬ್ಬರ ಕೃತ್ಯಕ್ಕೆ ಇಡೀ ಸಮುದಾಯವನ್ನು ಹೊಣೆಯಾಗಿಸುವುದು ಎಷ್ಟು ಕ್ರೂರವೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ದಾಳಿಗೆ ತುತ್ತಾದದ್ದು ಸದಾ ಪ್ರಾರ್ಥನೆಯಲ್ಲಿರುವ ಕನ್ಯಾಸ್ತ್ರೀಯರ ಅಡೊರೇಷನ್ ಮಠ. ಬೇರೊಂದು ಪಂಗಡದ ಪುಸ್ತಿಕೆಗೂ ಮತಾಂತರದ ಆರೋಪಕ್ಕೂ ಆ ಸೋದರಿಯರು ಬೆಲೆ ತೆತ್ತರು. ಅಂದು 'ನಾವಲ್ಲ' ಎಂದು ಗೋಗರೆದವರು ನಾವು. ಇಂದು ಅದೇ ಮಾತನ್ನಾಡುವ ನೆರೆಯವನಿಗೆ ಕಿವಿಗೊಡದಿದ್ದರೆ, ಅಂದಿನ ನಮ್ಮ ಕಣ್ಣೀರಿಗೆ ಏನು ಅರ್ಥ?

ಕದ್ದ ವಸ್ತುವನ್ನು ಹಿಂದಿರುಗಿಸಬೇಕೆಂಬುದು ನಮಗೆಲ್ಲ ಗೊತ್ತು. ಕೆಡಿಸಿದ ಹೆಸರನ್ನೂ ಹಿಂದಿರುಗಿಸಬೇಕೆಂದು ಧರ್ಮಸಭೆ ಬೋಧಿಸುತ್ತದೆ. ಸಂದೇಶವನ್ನು ಅಳಿಸಿಬಿಟ್ಟರೆ ಸಾಲದು. ಅದು ಆಗಲೇ ಎಷ್ಟೋ ಮನೆ ಹೊಕ್ಕಿರುತ್ತದೆ. ಆದ್ದರಿಂದ ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟೇ: "ಯಾವ ಗುಂಪುಗಳಿಗೆ ಕಳುಹಿಸಿದಿರೋ ಅಲ್ಲಿಯೇ, ವಿಚಾರಿಸದೆ ಕಳುಹಿಸಿದೆ, ನನ್ನದು ತಪ್ಪಾಯಿತು ಎಂದು ಬರೆಯಿರಿ."

ಅವರು ಬಹಳ ಹೊತ್ತು ಮಾತನಾಡಲಿಲ್ಲ. "ಸಾವಿರ ಜನ ನೋಡುತ್ತಾರಲ್ಲ ಸ್ವಾಮಿ" ಎಂದರು. ಮೊದಲನೆಯದನ್ನೂ ಅಷ್ಟೇ ಜನ ನೋಡಿದ್ದರು. ಕೊನೆಗೆ ಮೊಮ್ಮಗಳನ್ನು ಕರೆದು ಒಂದೊಂದೇ ಪದ ಹೇಳಿ ಬರೆಸಿದರು.

ಪ್ರಿಯ ಕುಟುಂಬಗಳೇ, ಕಾಯಿಯೊಂದನ್ನು ಸುಲಿಯುವ ಮುನ್ನ ಅಲ್ಲಾಡಿಸಿ ಕೇಳುವ ಜನ ನಾವು. ನೆರೆಯವನ ಮಾನದ ವಿಷಯದಲ್ಲಿ ಅಷ್ಟಾದರೂ ತಾಳ್ಮೆ ನಮಗಿರಲಿ.