ಕಲ್ಲು ನೆಡದ ಹೆಸರುಗಳು

2020ರ ಜುಲೈ 26, ಭಾನುವಾರ. ಕಾರ್ಗಿಲ್ ಯುದ್ಧ ಮುಗಿದು ಅಂದಿಗೆ 21 ವರ್ಷ ತುಂಬಿತ್ತು. ಆ ತಿಂಗಳು ನಮ್ಮ ರಾಜ್ಯದಲ್ಲಿ ಭಾನುವಾರವೆಂದರೆ ಲಾಕ್‌ಡೌನ್. ಹಾಲು, ತರಕಾರಿ, ಔಷಧಿಯಂಥ ಅಗತ್ಯಗಳನ್ನು ಬಿಟ್ಟರೆ ಅಂಗಡಿ ಬಾಗಿಲು ತೆರೆಯುವಂತಿಲ್ಲ, ಗುಂಪು ಸೇರುವಂತಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟದ ಕೆಳಗಾಗಲಿ, ಶಿರಾದ ಹೆದ್ದಾರಿಯ ಬದಿಯಲ್ಲಾಗಲಿ, ಕೊರಟಗೆರೆಯ ಪೇಟೆಯಲ್ಲಾಗಲಿ, ಪಾವಗಡದ ಶನಿಮಹಾತ್ಮ ದೇವಸ್ಥಾನದ ಬೀದಿಯಲ್ಲಾಗಲಿ ವಿಜಯ ದಿವಸದ ಮೆರವಣಿಗೆ ಹೊರಡುವ ಮಾತೇ ಇರಲಿಲ್ಲ. ಇಂಥ ದಿನಗಳಲ್ಲಿ ಬಾವುಟ ಹಿಡಿದು ಸಾಲಾಗಿ ನಡೆಯುವವರು ಶಾಲಾಮಕ್ಕಳು. ಆ ಶಾಲೆಗಳು ಮಾರ್ಚ್‌ನಿಂದಲೇ ಮುಚ್ಚಿದ್ದವು. ಈ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಹತ್ತನೇ ತರಗತಿಯ ಮಕ್ಕಳು ಮಾತ್ರ, ಮಾರ್ಚ್‌ನಲ್ಲಿ ಬರೆಯಬೇಕಿದ್ದ ಪರೀಕ್ಷೆಯನ್ನು ಮಾಸ್ಕ್ ಹಾಕಿಕೊಂಡು ಜೂನ್ 25ರಿಂದ ಜುಲೈ ಮೊದಲ ವಾರದವರೆಗೆ ಬರೆದು ಮುಗಿಸಿ, ಫಲಿತಾಂಶಕ್ಕೆ ಕಾಯುತ್ತಿದ್ದರು.

ಮೆರವಣಿಗೆ ಇಲ್ಲವೆಂದು ತಾರೀಖು ನಿಲ್ಲುವುದಿಲ್ಲ. ದಿನ ಬಂತು. ರೇಡಿಯೊದಲ್ಲಿ ಪ್ರಧಾನಿಯವರ ಮಾತಿನಲ್ಲಿ ಕಾರ್ಗಿಲ್ ಬಂತು, ಮೊಬೈಲಿನ ಸ್ಟೇಟಸ್‌ಗಳಲ್ಲಿ ಹಿಮದ ಬೆಟ್ಟ, ಬಾವುಟ, ಸೈನಿಕರ ಚಿತ್ರಗಳು ಬಂದವು. ವೇದಿಕೆ, ಮೈಕು, ಹಾರ, ಶಾಲು ಯಾವುದೂ ಇಲ್ಲದೆ, ಸತ್ತವರನ್ನು ಅವರವರ ಮನೆಯೊಳಗೆ ನೆನೆಯಬೇಕಾದ ವರ್ಷವದು.

ಆ ವರ್ಷ ಲೋಕವೆಲ್ಲ ಹೀಗೆಯೇ ಇತ್ತು. ಯೂರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದು ಮೇ 8ಕ್ಕೆ 75 ವರ್ಷ. ಬೀದಿಯುದ್ದಕ್ಕೂ ಮೇಜು ಹಾಕಿ ನೆರೆಹೊರೆಯವರೆಲ್ಲ ಒಟ್ಟಿಗೆ ಉಣ್ಣಬೇಕೆಂದು ಬ್ರಿಟನ್ನಿನಲ್ಲಿ ಸರ್ಕಾರಿ ರಜೆಯ ದಿನವನ್ನೇ ಸೋಮವಾರದಿಂದ ಆ ಶುಕ್ರವಾರಕ್ಕೆ ಬದಲಿಸಿಟ್ಟಿದ್ದರು. ಸೋಂಕು ಬಂದು ಬೀದಿಯೂಟ ನಿಂತಿತು. ಜನ ತಮ್ಮ ತಮ್ಮ ಹೊಸ್ತಿಲಲ್ಲಿ, ಮನೆ ಮುಂದಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ದೂರದಿಂದಲೇ ಎದುರುಮನೆಯವರಿಗೆ ಕೈಬೀಸಿ ದಿನ ಕಳೆದರು. 1945ರಲ್ಲಿ ಅಪ್ಪ ದೊರೆಯಾಗಿ ರೇಡಿಯೊದಲ್ಲಿ ಮಾತಾಡಿದ್ದ ರಾತ್ರಿ ಒಂಬತ್ತರ ಹೊತ್ತಿಗೇ ಮಗಳು ರಾಣಿಯಾಗಿ ಟಿವಿಯಲ್ಲಿ ಮಾತಾಡಿದರು. ಮಾಸ್ಕೊದಲ್ಲಿ ಅದೇ ಗೆಲುವಿನ ಮೇ 9ರ ಪೆರೇಡು ಜೂನ್ 24ಕ್ಕೆ ಹೋಯಿತು. ನಮ್ಮ ಮೂರೂ ಪಡೆಗಳ 75 ಮಂದಿಯ ತಂಡ ಅದರಲ್ಲಿ ಹೆಜ್ಜೆ ಹಾಕಿತು. ಅದಕ್ಕೆ ಒಂಬತ್ತು ದಿನ ಮೊದಲು, ಜೂನ್ 15ರ ರಾತ್ರಿ, ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಸೈನಿಕರು ಸತ್ತಿದ್ದರು. ಹಳೆಯ ಗೆಲುವಿನ ನೆನಪು, ಹೊಸ ಸಾವಿನ ಸುದ್ದಿ, ಜೊತೆಗೆ ರೋಗ, ಮೂರೂ ಆ ಮಳೆಗಾಲದಲ್ಲಿ ಒಟ್ಟಿಗೇ ಬಂದವು.

ಕಾರ್ಗಿಲ್ ನಮ್ಮ ಹಳ್ಳಿಗಳ ಮನಸ್ಸಿನಲ್ಲಿ ಇಷ್ಟು ಗಟ್ಟಿಯಾಗಿ ಏಕೆ ನಿಂತಿತು ಎಂದು ಕೇಳಿಕೊಂಡರೆ ಕಾರಣವೊಂದು ಕಾಣುತ್ತದೆ. 1962, 1965, 1971ರ ಯುದ್ಧಗಳಲ್ಲಿ ಮಡಿದವರ ಸಂಸ್ಕಾರ ಹೆಚ್ಚಾಗಿ ಗಡಿಯಲ್ಲೇ ನಡೆಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ, ಆಮೇಲೆ ಒಂದಷ್ಟು ಸಾಮಾನು. 1999ರಲ್ಲಿ ಹಾಗಾಗಲಿಲ್ಲ. ಮಡಿದ 527 ಯೋಧರ ಪಾರ್ಥಿವ ಶರೀರಗಳನ್ನು ಊರಿಗೆ ಕಳಿಸುವ ವ್ಯವಸ್ಥೆಯನ್ನು ಸೇನೆ ಮಾಡಿತು. ತ್ರಿವರ್ಣ ಹೊದಿಸಿದ ಪೆಟ್ಟಿಗೆ ಊರಬಾಗಿಲಿಗೆ ಬಂದಾಗ ಸುತ್ತಲ ಹತ್ತು ಹಳ್ಳಿ ನೆರೆಯಿತು. ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಬರೀ ಹೋಗಿ ಬರುವುದಲ್ಲ. ಒಂದು ಹಿಡಿ ಮಣ್ಣು ಹಾಕಿದವನು ಆ ಮನೆಯ ದುಃಖದಲ್ಲಿ ಪಾಲುದಾರ. ಜಗಳವಾಡಿ ಮಾತು ಬಿಟ್ಟವರೂ ಮಣ್ಣಿಗೆ ಬರುತ್ತಾರೆ. ಬಾರದಿದ್ದರೆ ಅದನ್ನು ತಲೆಮಾರಿನವರೆಗೂ ನೆನಪಿಟ್ಟು ಆಡಿಕೊಳ್ಳುತ್ತಾರೆ. ಕಾರ್ಗಿಲ್ಲಿನ ಸಾವು ಮೊದಲ ಸಲ ಯುದ್ಧವನ್ನು ಹೀಗೆ ಹಳ್ಳಿಯ ಮಣ್ಣಿಗೆ ತಂದಿತು. ದೂರದ ದ್ರಾಸಿನಲ್ಲಿ ಬಿದ್ದ ಹುಡುಗ ಊರ ಹುಡುಗನಾಗಿ ಉಳಿದ.

2020ರಲ್ಲಿ ನಾವು ಕಳೆದುಕೊಂಡದ್ದು ಇದನ್ನೇ. ಅಂತ್ಯಸಂಸ್ಕಾರಕ್ಕೆ ಇಪ್ಪತ್ತು ಮಂದಿಗಿಂತ ಹೆಚ್ಚು ಸೇರಬಾರದೆಂಬ ನಿಯಮ ಬಂತು. ಕೋವಿಡ್‌ನಿಂದ ಸತ್ತವರಿಗೆ ಅದೂ ಇಲ್ಲ. ಪಿಪಿಇ ಕಿಟ್ ತೊಟ್ಟವರು ನಾಲ್ಕು ಜನ, ಪ್ಲಾಸ್ಟಿಕ್ ಸುತ್ತಿದ ದೇಹ, ದೂರದಲ್ಲಿ ನಿಂತ ಮಗ. ಹಾಲುತುಪ್ಪಕ್ಕೆ ನೆಂಟರಿಲ್ಲ, ತಿಥಿಗೆ ಪಂಕ್ತಿಯಿಲ್ಲ. ಪಾವಗಡದ ಸುತ್ತ ಮೂರು ದಿಕ್ಕಿಗೂ ಆಂಧ್ರ. ಮಗಳನ್ನು ಮಡಕಶಿರಕ್ಕೋ ಹಿಂದೂಪುರಕ್ಕೋ ಕೊಟ್ಟ ಮನೆಗಳು ಅಲ್ಲಿ ನೂರಾರು. ಹತ್ತಿಪ್ಪತ್ತು ಮೈಲಿಯ ಆ ದಾರಿಯಲ್ಲಿ ಚೆಕ್‌ಪೋಸ್ಟ್ ನಿಂತಾಗ, ತವರಿನ ಸಾವು ಮಗಳಿಗೆ ಫೋನಿನಲ್ಲೇ ತಲುಪಿತು. ಶಿರಾದಲ್ಲಿ ಏಪ್ರಿಲ್‌ನ ಷಬ್‌–ಎ–ಬರಾತ್ ರಾತ್ರಿ ಹಿರಿಯರ ಗೋರಿಗಳ ಮುಂದೆ ನಿಂತು ಪ್ರಾರ್ಥಿಸಲು ಖಬರಸ್ತಾನಕ್ಕೆ ಹೋಗುವಂತಿರಲಿಲ್ಲ. ರಾಜ್ಯದ ಮೊದಲ ಕೆಲವೇ ಕೋವಿಡ್ ಸಾವುಗಳಲ್ಲಿ ಒಂದು ಮಾರ್ಚ್ ಕೊನೆಯಲ್ಲಿ ಇದೇ ಶಿರಾದ ಮನೆಯೊಂದಕ್ಕೆ ಬಂದದ್ದು.

ಆ ದಿನಗಳ ಆರೋಗ್ಯ ಇಲಾಖೆಯ ಪ್ರಕಟಣೆಗಳಲ್ಲಿ ರೋಗಿಗೆ ಹೆಸರಿರಲಿಲ್ಲ. ‘ಪಿ’ ಎಂಬ ಅಕ್ಷರದ ಮುಂದೆ ಒಂದು ಅಂಕಿ, ವಯಸ್ಸು, ಜಿಲ್ಲೆ, ಅಷ್ಟೆ. ಹಾಗೆ ಮಾಡಿದ್ದು ಸರಿಯೇ. ಹೆಸರು ಬಯಲಾಗಿದ್ದರೆ ಆ ಮನೆಯವರನ್ನು ಊರು ಬಾಳಗೊಡುತ್ತಿರಲಿಲ್ಲ. ಆದರೆ ರೋಗ ಹೋದ ಮೇಲೂ ಅಂಕಿ ಅಂಕಿಯಾಗಿಯೇ ಉಳಿಯಿತು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಒಂದೊಂದಾಗಿ ಕೆತ್ತಿದ್ದಾರೆ. ಕರ್ನಾಟಕವೊಂದರಲ್ಲೇ, ಸರ್ಕಾರಿ ಲೆಕ್ಕದಲ್ಲೇ, ಕೋವಿಡ್‌ನಿಂದ ತೀರಿಕೊಂಡವರು 40 ಸಾವಿರಕ್ಕೂ ಹೆಚ್ಚು. ಇವರ ಹೆಸರು ಯಾವ ಊರಿನ ಯಾವ ಗೋಡೆಯ ಮೇಲಿದೆ?

ನೆನಪಿಗೆ ಕಲ್ಲು ನೆಡುವುದು ನಮ್ಮ ಸೀಮೆಗೆ ಹೊಸತಲ್ಲ. ನಿಡಗಲ್ಲು, ಮಿಡಿಗೇಶಿ, ಚನ್ನರಾಯನದುರ್ಗ, ಮಧುಗಿರಿ ಹೀಗೆ ಕೋಟೆಗಳೇ ತುಂಬಿದ ನಾಡಿದು. ಶಿರಾ 1687ರಿಂದ ಮೊಗಲರ ಸುಬೆಯ ರಾಜಧಾನಿಯಾಗಿತ್ತು, 1761ರಲ್ಲಿ ಹೈದರಾಲಿಯ ಕೈಸೇರಿತು. ಇಷ್ಟು ದಂಡು ಹಾದುಹೋದ ನೆಲದಲ್ಲಿ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಬೇವಿನ ಬುಡದಲ್ಲಿ ವೀರಗಲ್ಲುಗಳು ಸಿಗುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ. ತುರು ಕಾಯುತ್ತ ಸತ್ತವನಿಗೂ ಕಲ್ಲು, ಊರಿಗೆ ನುಗ್ಗಿದ ಕಳ್ಳರನ್ನು ತಡೆದು ಸತ್ತವನಿಗೂ ಕಲ್ಲು, ಹುಲಿಯೊಡನೆ ಕಾದಿ ಸತ್ತವನಿಗೂ ಕಲ್ಲು. ಎಷ್ಟೋ ಕಲ್ಲುಗಳ ಮೇಲೆ ಒಂದಕ್ಷರವೂ ಇಲ್ಲ. ಆದರೂ ಹಬ್ಬದ ದಿನ ಯಾರೋ ನೀರು ಹಾಕಿ ಕುಂಕುಮ ಇಟ್ಟು ಹೋಗುತ್ತಾರೆ. ಮಾರಿಬೇನೆಯಲ್ಲಿ, ಪ್ಲೇಗಿನಲ್ಲಿ ಹೋದವರಿಗೆ ಮಾತ್ರ ಕಲ್ಲು ನಿಲ್ಲಲಿಲ್ಲ. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬದುಕಿದರು. ಆ ಗುಡಿಸಲಿನ ಕಥೆಯನ್ನು ಮುತ್ತಜ್ಜಿಯಂದಿರು ಹೇಳಿದರು. ಗುಡಿಸಲಿಗೆ ಬಾರದೆ ಉಳಿದವರ ಹೆಸರು ಹೇಳಿದವರು ಕಡಿಮೆ. ಮಾರಮ್ಮನಿಗೆ ಗುಡಿ ಕಟ್ಟಿದೆವು, ಹರಕೆ ಹೊತ್ತೆವು, ಜಾತ್ರೆ ಮಾಡಿದೆವು. ಅವಳು ಕರೆದುಕೊಂಡು ಹೋದವರ ಪಟ್ಟಿಯನ್ನು ಯಾರೂ ಬರೆದಿಡಲಿಲ್ಲ.

1918ನ್ನೇ ನೋಡಿ. ಆ ಸೆಪ್ಟೆಂಬರ್ 23ರಂದು ಜೋಧಪುರ, ಹೈದರಾಬಾದಿನ ದಳಗಳೂ ಇದ್ದ ಬ್ರಿಗೇಡಿನಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಜೋಧಪುರದ ದಳದೊಡನೆ ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದಿತು. ನಮ್ಮ ತುಮಕೂರು ಜಿಲ್ಲೆ ಆಗ ಮೈಸೂರು ಸಂಸ್ಥಾನದ್ದೇ. ನಾಲ್ಕು ವರ್ಷದೊಳಗೆ ದೆಹಲಿಯಲ್ಲಿ ಮೂರು ಪ್ರತಿಮೆಗಳ ಸ್ಮಾರಕ ಎದ್ದಿತು, ಅದರಲ್ಲಿ ಒಂದು ಪ್ರತಿಮೆ ಮೈಸೂರಿನದು. ಸೆಪ್ಟೆಂಬರ್ 23 ಇಂದಿಗೂ ಹೈಫಾ ದಿನ. ಅದೇ ಕಾಲಕ್ಕೆ ಇಲ್ಲಿ, ಊರಲ್ಲಿ, ಇನ್‌ಫ್ಲುಯೆಂಜಾ ಮನೆ ಮನೆ ಹೊಕ್ಕಿತ್ತು. ಇಡೀ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಆ ಜ್ವರಕ್ಕೆ ತುತ್ತಾದರು. ಆ ಮೊದಲ ಮಹಾಯುದ್ಧದಲ್ಲಿ ಸತ್ತ ಭಾರತೀಯ ಸೈನಿಕರಿಗಿಂತ ನೂರು ಪಟ್ಟಿಗೂ ಮಿಕ್ಕ ಸಾವು ಅದು. ಆ ಸಾವಿಗೆ ದಿನವಿಲ್ಲ, ಪ್ರತಿಮೆಯಿಲ್ಲ. ನೂರೆರಡು ವರ್ಷದ ಬಳಿಕ ಮತ್ತೆ ಮಾಸ್ಕ್ ಕಟ್ಟಿಕೊಳ್ಳಬೇಕಾದಾಗಲೇ ನಮ್ಮಲ್ಲಿ ಬಹಳ ಜನರಿಗೆ ಅದು ನಡೆದಿತ್ತೆಂದು ತಿಳಿದದ್ದು.

ಯುದ್ಧದ ಸಾವನ್ನು ನೆನೆಯುವವರು ರೋಗದ ಸಾವನ್ನು ಮರೆಯುವುದೇಕೆ? ಯುದ್ಧಕ್ಕೆ ಶತ್ರುವಿದ್ದಾನೆ, ಗೆಲುವಿದೆ, ಮುಗಿಯಿತೆಂದು ಹೇಳುವ ದಿನವಿದೆ. ರೋಗ ಯಾವ ತಾರೀಖಿಗೆ ಮುಗಿಯಿತೆಂದು ಯಾರೂ ಹೇಳಲಾರರು. ಇದಿಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಇನ್ನೊಂದು ಕಾರಣವಿದೆ, ಅದನ್ನು ಹೇಳಿಕೊಳ್ಳುವುದು ಕಷ್ಟ. ಯೋಧನನ್ನು ನೆನೆದಾಗ ಊರಿಗೆ ತನ್ನ ಬಗ್ಗೆ ಹೆಮ್ಮೆಯಾಗುತ್ತದೆ. ಕೋವಿಡ್‌ನಲ್ಲಿ ಹೋದವರನ್ನು ನೆನೆದರೆ, ರಸ್ತೆಗೆ ಅಡ್ಡ ಹಾಕಿದ ಜಾಲಿಮುಳ್ಳೂ ನೆನಪಾಗುತ್ತದೆ. ಬೆಂಗಳೂರಿನಲ್ಲಿ ಕೂಲಿ ತಪ್ಪಿ ನಡೆದು ಬಂದ ಸ್ವಂತ ಊರಿನ ಹುಡುಗರನ್ನೇ ಒಳಗೆ ಬಿಡಲು ಹಿಂದೆಮುಂದೆ ನೋಡಿದ್ದು, ಸೀಲ್‌ಡೌನ್ ಆದ ಮನೆಯ ಕಡೆ ತಲೆಯೆತ್ತಿ ನೋಡದೆ ಹೋದದ್ದು, ‘ಪಾಸಿಟಿವ್ ಬಂತಂತೆ’ ಎಂದು ಗುಸುಗುಸು ಹಬ್ಬಿಸಿದ್ದು ನೆನಪಾಗುತ್ತದೆ. ಜೀವಭಯದಲ್ಲಿ ಮಾಡಿದ್ದು ಅದು. ದೊಡ್ಡ ತಪ್ಪೆಂದು ಯಾರನ್ನೂ ನಿಲ್ಲಿಸಿ ಕೇಳಬೇಕಿಲ್ಲ. ಆದರೆ ಆ ಮುಜುಗರವೇ ಮರೆವಿನ ಬೇರು. ಸತ್ತವರನ್ನು ಮರೆತದ್ದಕ್ಕಿಂತ, ಅವರ ಸುತ್ತ ನಾವು ನಡೆದುಕೊಂಡ ರೀತಿಯನ್ನು ಮರೆಯಲು ಹೊರಟಿದ್ದೇವೆ.

ಅದೇ ಊರುಗಳಲ್ಲಿ ಇನ್ನೊಂದು ನಡತೆಯೂ ಇತ್ತು. ಆಶಾ ಕಾರ್ಯಕರ್ತೆಯರು ಬೈಸಿಕೊಂಡರೂ ಮನೆ ಮನೆಗೆ ಹೋಗಿ ಜ್ವರ ಕೇಳಿದರು. ಸೀಲ್‌ಡೌನ್ ಮನೆಯ ಜಗಲಿಯ ಮೇಲೆ ಹೇಳದೆ ಕೇಳದೆ ಹಾಲಿನ ಪ್ಯಾಕೆಟ್ ಇಟ್ಟು ಹೋದವರಿದ್ದರು. ಪಾವಗಡದ ರಾಮಕೃಷ್ಣ ಸೇವಾಶ್ರಮದಂಥ ಕಡೆಗಳಿಂದ ಬಡವರಿಗೆ ದಿನಸಿ ಹೋಯಿತು. ಆ ಆಗಸ್ಟ್‌ನಲ್ಲಿ, ಶಾಲೆ ಮುಚ್ಚಿದ್ದರೂ ಮಕ್ಕಳಿದ್ದಲ್ಲೇ ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಶಿಕ್ಷಕರು ದೇವಸ್ಥಾನದ ಮೊಗಸಾಲೆಯಲ್ಲಿ, ಅರಳಿಕಟ್ಟೆಯಲ್ಲಿ, ಮರದ ನೆರಳಲ್ಲಿ ಮಕ್ಕಳನ್ನು ದೂರ ದೂರ ಕೂರಿಸಿ ಪಾಠ ಹೇಳಿದರು. ಸೋಂಕಿನ ದೂರುಗಳು ಬಂದು ಅಕ್ಟೋಬರ್‌ನಲ್ಲಿ ಅದು ನಿಂತಿತು. ಇವರನ್ನೆಲ್ಲ ಆಗ ‘ಕೊರೊನಾ ಸೇನಾನಿ’ಗಳೆಂದು ಕರೆದು ಹೂ ಚೆಲ್ಲಿದೆವು, ಚಪ್ಪಾಳೆ ತಟ್ಟಿದೆವು. ಸೇನೆಯ ಮಾತು ಬಂದ ಮೇಲೆ ಸೇನೆಯ ರೀತಿಯೂ ಬರಬೇಕು. ಯುದ್ಧ ಮುಗಿದಾಗ ಸೇನೆ ಮೊದಲು ಮಾಡುವ ಕೆಲಸ ತನ್ನವರಲ್ಲಿ ಯಾರು ಉಳಿದರು, ಯಾರು ಹೋದರು ಎಂದು ಹೆಸರು ಹಿಡಿದು ಕರೆಯುವುದು. ಆ ಹಾಜರಿಯನ್ನು ನಾವು ಕರೆಯಲೇ ಇಲ್ಲ.

ಹೇಗೆ ಕರೆಯಬೇಕೆಂದು ನಮ್ಮ ಹಿರಿಯರ ಹಬ್ಬವೇ ತೋರಿಸಿಕೊಟ್ಟಿದೆ. ಪಿತೃಪಕ್ಷದಲ್ಲಿ ಶಸ್ತ್ರದಿಂದ ಸತ್ತವರಿಗೆಂದು ಚತುರ್ದಶಿಯನ್ನು ಬೇರೆಯಾಗಿ ಇಟ್ಟಿದ್ದಾರೆ. ಮರುದಿನ ಮಹಾಲಯ ಅಮಾವಾಸ್ಯೆ. ಸತ್ತ ತಿಥಿ ಗೊತ್ತಿಲ್ಲದವರು, ಮಕ್ಕಳಿಲ್ಲದವರು, ಯಾರೂ ನೆನೆಯದೆ ಉಳಿದವರು, ಎಲ್ಲರಿಗೂ ಅಂದು ಎಡೆ. ಯುದ್ಧದಲ್ಲಿ ಬಿದ್ದವರಿಗೊಂದು ದಿನ, ಅದರ ಬೆನ್ನಿಗೇ ಉಳಿದೆಲ್ಲರಿಗೂ ಒಂದು ದಿನ. ಒಬ್ಬರ ಮಾನ ಇನ್ನೊಬ್ಬರಿಂದ ಕುಗ್ಗುವುದಿಲ್ಲ. 2020ರ ಸೆಪ್ಟೆಂಬರ್ 17ರ ಅಮಾವಾಸ್ಯೆಯಂದು ನೆಂಟರನ್ನು ಕರೆಯಲಾಗದ ಮನೆಗಳಲ್ಲೂ ಎಡೆ ಇಟ್ಟರು, ಹೊಸ ಬಟ್ಟೆ ಇಟ್ಟರು. ಗುಂಪಿಲ್ಲದೆಯೂ ನೆನಪು ನಡೆಯುತ್ತದೆ ಎಂಬುದು ಆ ವರ್ಷ ಎಲ್ಲ ಮನೆಗಳಿಗೂ ಗೊತ್ತಾಯಿತು. ಆದರೆ ಮನೆಯೊಳಗಿನ ನೆನಪು ಮನೆಯ ಹಿರಿಯರೊಡನೆ ಮುಗಿಯುತ್ತದೆ. ಊರು ನೆನೆದದ್ದು ಮಾತ್ರ ಮುಂದಿನ ತಲೆಮಾರಿಗೆ ಹೋಗುತ್ತದೆ. ಲಂಡನ್ನಿನಲ್ಲಿ, ಹೊಸ್ತಿಲಲ್ಲಿ ಕೂತು ಯುದ್ಧದ ಗೆಲುವನ್ನು ನೆನೆದ ಮರುವರ್ಷವೇ, ಥೇಮ್ಸ್ ನದಿಯ ದಡದ ಗೋಡೆಯ ಮೇಲೆ ಜನರೇ ಬಣ್ಣ ಹಿಡಿದು ಬಂದು ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಬರೆದರು.

ನಮ್ಮ ಊರುಗಳಿಗೆ ಅಷ್ಟು ದೊಡ್ಡ ಗೋಡೆ ಬೇಕಿಲ್ಲ. ಮುಂದಿನ ಜುಲೈ 26ಕ್ಕೆ ಶಾಲೆಯ ಅಂಗಳದಲ್ಲಿ ಯೋಧರಿಗೆ ನಮಿಸಿದ ಮೇಲೆ, ಮುಖ್ಯೋಪಾಧ್ಯಾಯರು ಇನ್ನೆರಡು ನಿಮಿಷ ತೆಗೆದುಕೊಂಡು, 2020 ಮತ್ತು 2021ರಲ್ಲಿ ಆ ಊರಿನಿಂದ ಹೋದವರ ಹೆಸರುಗಳನ್ನು, ಮನೆಯವರು ಒಪ್ಪಿದರೆ, ಓದಿ ಹೇಳಲಿ. ಅಂದು ಮಣ್ಣಿಗೆ ಬರಲಾಗದವರು ಅಲ್ಲಿ ಬಂದು ನಿಲ್ಲಲಿ. ಹೆಸರುಗಳು ದೂರದಲ್ಲೇನೂ ಇಲ್ಲ. ಮರಣ ನೋಂದಣಿ ಪುಸ್ತಕದಲ್ಲಿವೆ, ಆಶಾ ಕಾರ್ಯಕರ್ತೆಯ ನೆನಪಿನಲ್ಲಿವೆ, ಗುಂಡಿ ತೋಡಿದವರ ಬಾಯಲ್ಲಿವೆ. ಬಲ್ಲವರು ಊರಿನಲ್ಲಿರುವಾಗಲೇ ಬರೆದುಕೊಳ್ಳಬೇಕು. 1918ರವರಿಗಾಗಿ ಆ ಕೆಲಸ ಮಾಡಲು ಇಂದು ಯಾರೂ ಉಳಿದಿಲ್ಲ. 2020ರವರಿಗಾಗಿ ನಾವಿನ್ನೂ ಇದ್ದೇವೆ.