ಬಾಳೆಯ ತಳಿ ಮತ್ತು ಜಾತಿಯ ಪ್ರಶ್ನೆ

ಬೇಸಾಯದ ಹಣ್ಣಿನ ಗಿಡಗಳಿಗೆ ಶಾಸ್ತ್ರೀಯ ಹೆಸರಿಡುವಾಗ ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದು ಏಳುತ್ತದೆ: ಜಾತಿ ಎಂಬುದು ವಸ್ತುವಿನಲ್ಲಿದೆಯೋ, ನೋಡುವವನ ಬುದ್ಧಿಯಲ್ಲೋ? ಬಾಳೆ ಇದಕ್ಕೆ ತಕ್ಕ ಉದಾಹರಣೆ. ಲಿನೇಯಸ್ 1753ರಲ್ಲಿ ಒಂದು ಬಾಳೆಯನ್ನು ಮ್ಯೂಸಾ ಪ್ಯಾರಡಿಸಿಯಾಕ ಎಂದೂ 1759ರಲ್ಲಿ ಇನ್ನೊಂದನ್ನು ಮ್ಯೂಸಾ ಸೇಪಿಯೆಂಟಮ್ ಎಂದೂ ಕರೆದರು. ಇವೆರಡೂ ಸ್ವತಂತ್ರ ಪ್ರಭೇದಗಳಲ್ಲ. ಅಕ್ಯುಮಿನೇಟ, ಬಾಲ್ಬಿಸಿಯಾನ ಎಂಬ ಕಾಡುಬಾಳೆಗಳು ಬೆರೆತು ಹುಟ್ಟಿದವು. ಆ ಎರಡು ಮೂಲಗಳ ಪಾಲನ್ನು ಅಕ್ಷರಗಳಲ್ಲಿ ತೋರಿಸುವ ಕ್ರಮವನ್ನು ಸಿಮಂಡ್ಸ್ ಮತ್ತು ಶೆಫರ್ಡ್ 1955ರಲ್ಲಿ ತಂದರು: ಏಲಕ್ಕಿಬಾಳೆ ಎಬಿ, ನೇಂದ್ರ ಮತ್ತು ನಂಜನಗೂಡು ರಸಬಾಳೆ ಎಎಬಿ. ತಳಿಯ ಹೆಸರು ಮಾತ್ರ ಬೆಳೆಗಾರರು ಇಟ್ಟದ್ದೇ ಉಳಿಯಿತು.

ಜಾತಿಯ ಆ ಪ್ರಶ್ನೆಗೆ ನ್ಯಾಯ–ವೈಶೇಷಿಕ ದರ್ಶನಕಾರರ ಉತ್ತರ: ಎಲ್ಲ ಬಾಳೆಗಳಲ್ಲೂ ನಿತ್ಯವಾದ ಒಂದೇ ‘ಸಾಮಾನ್ಯ’, ಅಂದರೆ ಜಾತಿ, ಇದೆ. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಮಧ್ವಾಚಾರ್ಯರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ವ್ಯಕ್ತಿಗಳು ಬೇರೆಬೇರೆ, ಅವುಗಳ ನಡುವೆ ಇರುವುದು ಸಾದೃಶ್ಯ. ಕಾರ್ಕಳದ ಕುಕ್ಕುಂದೂರಿನ ಕಡೆಯ ತೋಟಗಳ ಬಾಳೆ ಈ ಮತಕ್ಕೂ ತೊಡಕೇ. ಕಿತ್ತು ನೆಟ್ಟ ಕಂದು ತಾಯಿಬುಡದ ವಂಶವಾಹಿಗಳನ್ನೇ ಹೊತ್ತಿರುತ್ತದೆ. ಹಾಗಾದರೆ ಇಡೀ ತಳಿ ಹರಡಿಕೊಂಡ ಒಂದೇ ವ್ಯಕ್ತಿಯೇ? ಆದರೂ ಕೃಷಿತಳಿಯ ಮಟ್ಟಿಗೆ ಮಧ್ವರ ನೋಟವೇ ಹೆಚ್ಚು ಹೊಂದುತ್ತದೆ: ಬೇಸಾಯದ ಗಿಡಗಳ ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ತಳಿಯನ್ನು ಗುರುತಿಸುವುದು ಒಳಗಿನ ಸತ್ತ್ವದಿಂದಲ್ಲ, ಪೀಳಿಗೆ ಕಳೆದರೂ ಬದಲಾಗದ ಲಕ್ಷಣಗಳಿಂದ.